ಇಪ್ಪತ್ತೂವರೆ ಕಿಲೋ ಹೊತ್ತು ಗುಡ್ಡೆ ಹತ್ತುವವರಿಗೆ

ಪ್ರಶ್ನೆ: ನಾನು ಕಾಸರಗೋಡಿನ ಬದಿಯಡ್ಕ ಸಮೀಪದವನು. ವಯಸ್ಸು 27, ತೂಕ 62 ಕಿಲೋ. ಊರಿನ ರಕ್ಷಣಾ ಸ್ವಯಂಸೇವಕರ ತಂಡದಲ್ಲಿದ್ದೇನೆ. 2024ರ ಜುಲೈಯಲ್ಲಿ ವಯನಾಡಿನಲ್ಲಿ ಗುಡ್ಡ ಕುಸಿದದ್ದನ್ನು ನೋಡಿದ ಮೇಲೆ, ನಮ್ಮ ಕಡೆ ಹಾಗಾದರೆ ಬರಿಗೈಯಲ್ಲಿ ನಿಲ್ಲಬಾರದು ಎಂದು ಒಂದೊಂದೇ ಸಾಮಾನು ಕೊಂಡೆ. ಮೋಲಿ ಪಟ್ಟಿಯ ಟ್ಯಾಕ್ಟಿಕಲ್ ವೆಸ್ಟ್ (ಸೈನಿಕರು ತೊಡುವಂಥ, ಚೀಲ ಸಿಕ್ಕಿಸುವ ತೋಳಿಲ್ಲದ ಅಂಗಿ), 45 ಲೀಟರಿನ ಬ್ಯಾಗ್, ಹಗ್ಗ, ಕ್ಯಾರಬಿನರ್ (ಹಗ್ಗ ಸಿಕ್ಕಿಸುವ ಲೋಹದ ಕೊಂಡಿ), ಮಡಚುವ ಸನಿಕೆ, ಮೂರು ಟಾರ್ಚು, ಎರಡು ಪವರ್ ಬ್ಯಾಂಕ್. ನೀರು, ತಿಂಡಿ ಸೇರಿ ಈಗ ಇಪ್ಪತ್ತೂವರೆ ಕಿಲೋ. ತೂಕದ ಪೂರ್ತಿ ಪಟ್ಟಿ, ಚಿತ್ರ ಜೊತೆಗಿವೆ. ದೇಹತೂಕದ ಮೂರನೇ ಒಂದು ಪಾಲು ಹೊರಬಹುದು ಎಂದು ಓದಿದ್ದೆ, ಲೆಕ್ಕ ಸರಿಯಾಗಿಯೇ ಇದೆ. ಆದರೂ ಆಟಿಯ ಮಳೆಯಲ್ಲಿ ಪೊಸಡಿಗುಂಪೆ ಗುಡ್ಡೆಗೆ ಅಭ್ಯಾಸಕ್ಕೆ ಹೋದಾಗ ಎಲ್ಲರಿಗಿಂತ ಹಿಂದೆ ಉಳಿದೆ, ಇಳಿಯುವಾಗ ಎರಡು ಸಲ ಬಿದ್ದೆ. ಇನ್ನೂ ಹಗುರವಾದ, ದುಬಾರಿ ವೆಸ್ಟ್ ಕೊಳ್ಳಲೇ? ಏನನ್ನು ಬಿಡಲಿ? ಬಿಟ್ಟದ್ದೇ ಬೇಕಾಗಿ ಬಂದರೆ?

ಉತ್ತರ: ನಿಮ್ಮ ಪಟ್ಟಿಯನ್ನು ಎರಡು ಸಲ ಓದಿದೆ. ಒಂದೊಂದು ಸಾಮಾನಿನ ಮುಂದೆಯೂ ತೂಕ ಬರೆದು ಕಳಿಸಿದ್ದೀರಿ. ಅರ್ಧ ಕೆಲಸ ಅಲ್ಲೇ ಮುಗಿಯಿತು, ಹೆಚ್ಚಿನವರು ತೂಗುವ ಗೋಜಿಗೇ ಹೋಗುವುದಿಲ್ಲ. ಹೊಸ ವೆಸ್ಟ್ ಕೊಳ್ಳಬೇಡಿ. ದುಡ್ಡು ಹಾಗೇ ಇರಲಿ, ಯಾಕೆಂದು ಮುಂದೆ ಹೇಳುತ್ತೇನೆ.

ಮೊದಲು ಆ ಮೂರನೇ ಒಂದು ಪಾಲಿನ ಲೆಕ್ಕ. ಅದು ತಿಂಗಳುಗಟ್ಟಲೆ ಪಳಗಿದ, ದಾರಿ ನಡೆಯುವ ಸೈನಿಕನ ಲೆಕ್ಕ. ಅಮೆರಿಕದ ಸೇನೆ 1990ರಲ್ಲಿ ಹೊರತಂದ ಕಾಲ್ನಡಿಗೆಯ ಕೈಪಿಡಿಯಲ್ಲಿ ಎರಡು ಅಂಕಿಗಳಿವೆ: ಕಾದಾಡುವಾಗಿನ ಹೊರೆ ಹೆಚ್ಚೆಂದರೆ 48 ಪೌಂಡ್, ಅಂದರೆ ಸುಮಾರು 22 ಕಿಲೋ, ಜಾಗಕ್ಕೆ ನಡೆದು ತಲುಪುವಾಗಿನ ಹೊರೆ 72 ಪೌಂಡ್, ಸುಮಾರು 33 ಕಿಲೋ. ಎರಡು ಅಂಕಿ ಯಾಕೆ? ಕೆಲಸ ಶುರುವಾಗುವ ಜಾಗದಲ್ಲಿ ಬೆನ್ನಿನ ಪಿಟ್ಠು, ಅಂದರೆ ದೊಡ್ಡ ಚೀಲ, ಕೆಳಗೆ ಇಳಿಯಬೇಕು ಎನ್ನುವುದಕ್ಕೆ. ಕಾಲಾಳು ಪಡೆಯಲ್ಲಿ ಇಪ್ಪತ್ತೆರಡು ವರ್ಷ ನಾನೂ ಪಿಟ್ಠು ಹೊತ್ತಿದ್ದೇನೆ. ಅದನ್ನು ಇಳಿಸಿ, ಬಂದೂಕು, ಮ್ಯಾಗಜಿನ್, ನೀರಿನ ಬಾಟಲಿ ಇಷ್ಟೇ ಇಟ್ಟುಕೊಂಡು ಎದ್ದು ನಿಂತ ಕ್ಷಣದಲ್ಲಿ ದೇಹ ಮತ್ತೆ ನಮ್ಮದೇ ಆಗುತ್ತದೆ. ನೀವು ಪೊಸಡಿಗುಂಪೆಯಲ್ಲಿ ಎಲ್ಲಿಯೂ ಏನನ್ನೂ ಇಳಿಸಲಿಲ್ಲ. ನಡಿಗೆಯ ಹೊರೆಯನ್ನೇ ಹೊತ್ತುಕೊಂಡು ಕೆಲಸಕ್ಕೆ ಇಳಿದಿರಿ. ಬಿದ್ದದ್ದು ಅದಕ್ಕೆ.

ದೊಡ್ಡ ಸೇನೆಗಳೂ ಇದನ್ನು ಮತ್ತೆ ಮತ್ತೆ ಪೆಟ್ಟು ತಿಂದೇ ಕಲಿತದ್ದು. 1982ರ ಫಾಕ್‌ಲೆಂಡ್ ಯುದ್ಧದಲ್ಲಿ ಹೆಲಿಕಾಪ್ಟರುಗಳಿದ್ದ ಹಡಗು ಕ್ಷಿಪಣಿಗೆ ಸಿಕ್ಕಿತು, ಬ್ರಿಟಿಷ್ ಮರೀನ್‌ಗಳು ಮೂರು ದಿನದಲ್ಲಿ ಸುಮಾರು 90 ಕಿಲೋಮೀಟರ್ ಕೆಸರುನೆಲವನ್ನು 36 ಕಿಲೋ ಹೊತ್ತು ನಡೆಯಬೇಕಾಯಿತು. ವಾಹನ ಹೊರಬೇಕಿದ್ದ ಭಾರ ಮನುಷ್ಯನ ಬೆನ್ನಿಗೆ ಬಂತು. ನಮ್ಮ 1999ರ ಕಾರ್ಗಿಲ್ ಇನ್ನೂ ಕಠಿಣ. ಟೈಗರ್ ಹಿಲ್ ಐದು ಸಾವಿರ ಮೀಟರಿಗೂ ಎತ್ತರ. ಆ ಗಾಳಿಯಲ್ಲಿ ಬರಿಮೈಯಲ್ಲಿ ನಡೆದರೂ ಎದೆ ಉರಿಯುತ್ತದೆ. ಅಲ್ಲಿ ಹತ್ತಿದವರು ಊಟ ಕಡಿಮೆ ಮಾಡಿ ಗುಂಡು ಹೆಚ್ಚು ಒಯ್ದರು. ಹಸಿವು ತಡೆಯಬಹುದು, ಗುಂಡು ಮುಗಿದರೆ ತಡೆಯಲಾಗದು ಎನ್ನುವ ತೀರ್ಮಾನ ಅದು. ಹಗುರವಾಗುವುದು ಅಂದರೆ ಹೀಗೆ ತೀರ್ಮಾನ ಮಾಡುವುದು. ಅಂಗಡಿಯಲ್ಲಿ ಹಗುರವಾದ ಬಟ್ಟೆ ಹುಡುಕುವುದು ಅದರ ನಂತರದ ಮಾತು.

ಇನ್ನು ತೂಕ ಎಲ್ಲಿದೆ ಎನ್ನುವುದು. ನಿಮ್ಮದು ಅಡಿಕೆ ತೋಟದ ಮನೆ ಎಂದು ಬರೆದಿದ್ದೀರಿ, ಹಾಗಾಗಿ ಸುಲಭವಾಗಿ ಹೇಳಬಹುದು. ಕಾರ್ಬನ್ ಫೈಬರ್ ದೋಟಿ ಹಿಡಿದವರಿಗೆ ಅದು ಅಲ್ಯೂಮಿನಿಯಮ್ಮಿನದಕ್ಕಿಂತ ಎಷ್ಟು ಹಗುರ ಎಂದು ಕೈಗೇ ಗೊತ್ತು. ಆದರೆ ಅದೇ ದೋಟಿಯನ್ನು ಅರುವತ್ತು ಅಡಿಗೆ ಏರಿಸಿ, ತುದಿಯಲ್ಲಿ ಇನ್ನೂರು ಗ್ರಾಂ ಹೆಚ್ಚಿನ ಕತ್ತಿ ಕಟ್ಟಿ ನೋಡಿ. ಹತ್ತು ಗೊನೆ ತೆಗೆಯುವಷ್ಟರಲ್ಲಿ ಭುಜ ಸೋಲುತ್ತದೆ. ಆ ಇನ್ನೂರು ಗ್ರಾಂ ಬುಡದಲ್ಲಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ನಿಮ್ಮ ಮೈಗೂ ಇದೇ ನಿಯಮ. ಬೆನ್ನಿಗೆ ಅಂಟಿಕೊಂಡ ಒಂದು ಕಿಲೋ ಬೇರೆ, ಎದೆಯಿಂದ ಒಂದು ಗೇಣು ಮುಂದೆ ತೂಗುವ ಒಂದು ಕಿಲೋ ಬೇರೆ. ಎಲ್ಲಕ್ಕಿಂತ ದುಬಾರಿ ಪಾದದ ತೂಕ. ಪಾದಕ್ಕೆ ಕಟ್ಟಿದ ಭಾರ, ಬೆನ್ನಿನ ಮೇಲಿನ ಅಷ್ಟೇ ಭಾರದ ಐದು ಪಟ್ಟಿನಷ್ಟು ಶಕ್ತಿ ಹೀರುತ್ತದೆ ಎಂದು ಅಳೆದು ನೋಡಿದವರು 1960ರ ದಶಕದಲ್ಲೇ ಕಂಡುಕೊಂಡಿದ್ದರು. ನಿಮ್ಮ ಬೂಟಿನ ತೂಕ ಮಾತ್ರ ಪಟ್ಟಿಯಲ್ಲಿಲ್ಲ. ಚರ್ಮದ ದಪ್ಪ ಬೂಟಾಗಿದ್ದರೆ ಮೊದಲು ಬದಲಾಗಬೇಕಾದ್ದು ಅದು. ನೀರು ಒಳಹೊಕ್ಕರೆ ಬೇಗ ಬಸಿದುಹೋಗುವ, ಮುರಕಲ್ಲಿನ ಮೇಲೆ ಹಿಡಿತ ಇರುವ ಹಗುರ ಬೂಟು ತೆಗೆದುಕೊಳ್ಳಿ. ವೆಸ್ಟಿಗೆ ಎತ್ತಿಟ್ಟ ದುಡ್ಡು ಇದಕ್ಕೆ ಹೋಗಲಿ. ತೋಟದ ಗಂಬೂಟು ಹರಿಯುವ ನೀರಿಗೆ ಬೇಡವೇ ಬೇಡ, ತುಂಬಿಕೊಂಡರೆ ಕಾಲು ಎತ್ತಲಾಗುವುದಿಲ್ಲ.

ವೆಸ್ಟಿನ ವಿಷಯ. ಮೋಲಿ ಅಂದರೆ ಒಂದು ಇಂಚು ಅಗಲದ ಪಟ್ಟಿಗಳ ಸಾಲು, ಒಂದೂವರೆ ಇಂಚಿಗೊಂದು ಹೊಲಿಗೆ, ಅದರಲ್ಲಿ ಬೇಕಾದ ಚೀಲ ನೇಯ್ದು ಕಟ್ಟಬಹುದು. 1990ರ ದಶಕದ ಕೊನೆಯಲ್ಲಿ ಅಮೆರಿಕದ ಸೇನೆಗೆ ಬಂದದ್ದು. ಒಬ್ಬೊಬ್ಬ ಸೈನಿಕನ ಕೆಲಸಕ್ಕೆ ತಕ್ಕಂತೆ ಚೀಲ ಬದಲಿಸಲು ಮಾಡಿದ ಒಳ್ಳೆಯ ವ್ಯವಸ್ಥೆ. ಅದರ ಕೆಡುಕೂ ಅಲ್ಲೇ ಇದೆ: ಖಾಲಿ ಪಟ್ಟಿ ಕಂಡರೆ ಕೈ ಸುಮ್ಮನಿರುವುದಿಲ್ಲ. ನಿಮ್ಮ ಚಿತ್ರದಲ್ಲಿ ಎದೆಯ ಮೇಲೆ ಚೀಲದ ಮೇಲೆ ಚೀಲ ಎರಡು ಪದರ ಇದೆ. ಹಾಗೆ ಕಟ್ಟಿಕೊಂಡು ಅಂಗಳದಲ್ಲಿ ನಿಂತು ಕೆಳಗೆ ನೋಡಿ, ಹೆಬ್ಬೆರಳು ಕಾಣುತ್ತದೆಯೇ? ಕಾಣುವುದಿಲ್ಲ. ಪಾಚಿ ಹಿಡಿದ ಮುರಕಲ್ಲಿನ ಮೆಟ್ಟಿಲು ಇಳಿಯುವಾಗ ಮುಂದಿನ ಹೆಜ್ಜೆ ಕಾಣದಿದ್ದರೆ ಯಾರಾದರೂ ಬೀಳುತ್ತಾರೆ. ಬೋರಲು ಮಲಗಿ ಕುಸಿದ ಗೋಡೆಯ ಸಂದಿಗೆ ಕೈ ಹಾಕಬೇಕಾದರಂತೂ ಆ ಚೀಲಗಳು ನಿಮ್ಮನ್ನು ನೆಲದಿಂದ ಒಂದು ಗೇಣು ಎತ್ತಿ ಹಿಡಿಯುತ್ತವೆ. ಸೇನೆಯಲ್ಲೂ ತರಬೇತಿಯ ಮೊದಲ ವಾರದಲ್ಲಿ ಮುಳ್ಳುತಂತಿಯ ಕೆಳಗೆ ತೆವಳಿದ ಮೇಲೆ ಹುಡುಗರೇ ಎದೆಯ ಚೀಲಗಳನ್ನು ಪಕ್ಕೆಗೆ ಸರಿಸಿಕೊಳ್ಳುತ್ತಾರೆ, ಹೇಳಬೇಕಾಗುವುದಿಲ್ಲ.

ಸೈನಿಕ ಆ ವೆಸ್ಟನ್ನು ಹಾಕುವುದು ಒಳಗಿನ ಗುಂಡುನಿರೋಧಕ ಫಲಕಕ್ಕಾಗಿ. ಆ ಭಾರ ಇಳಿಸಲು ದೇಶದ ದೊಡ್ಡ ಪ್ರಯೋಗಾಲಯಗಳೇ ದುಡಿಯುತ್ತಿವೆ. ಡಿಆರ್‌ಡಿಒ (ರಕ್ಷಣಾ ಸಂಶೋಧನಾ ಸಂಸ್ಥೆ) ಮತ್ತು ದೆಹಲಿಯ ಐಐಟಿ ಸೇರಿ 2024ರಲ್ಲಿ ತೋರಿಸಿದ ಅಭೇದ್ ಜಾಕೆಟ್ ಕೂಡ ಎಂಟು ಕಿಲೋದ ಮೇಲೆಯೇ ಇದೆ. ಗುಂಡು ಎದೆಗೆ ಬರುವ ಅಪಾಯ ಇರುವವನು ಆ ಎಂಟು ಕಿಲೋ ಹೊರಲೇಬೇಕು. ನಿಮಗೆ ಬರುವ ಅಪಾಯ ನೀರು, ಮಣ್ಣು, ಮರ, ವಿದ್ಯುತ್ ತಂತಿ. ಹಾಗಿರುವಾಗ ಫಲಕದ ಚೀಲವನ್ನು ಫಲಕವಿಲ್ಲದೆ ಹೊತ್ತು ತಿರುಗುವುದರಲ್ಲಿ ಅರ್ಥವಿಲ್ಲ.

ನೀರಿನ ಮಾತಂತೂ ನಾನು ಗಟ್ಟಿಯಾಗಿ ಹೇಳಬೇಕು. ಪಯಸ್ವಿನಿಯಾಗಲಿ, ಶಿರಿಯ ಹೊಳೆಯಾಗಲಿ, ಮನೆ ಹಿಂದಿನ ತೋಡೇ ಆಗಲಿ, ಮಳೆಗಾಲದಲ್ಲಿ ಮೊಣಕಾಲಿಗಿಂತ ಮೇಲಿನ ಹರಿಯುವ ನೀರಿಗೆ ಇಳಿಯುವಾಗ ಮೈಮೇಲೆ ಲೈಫ್ ಜಾಕೆಟ್ ಬಿಟ್ಟರೆ ಬೇರೆ ಯಾವ ವೆಸ್ಟೂ ಇರಬಾರದು. ಆ ಪಟ್ಟಿಗಳು ನೀರಿನಡಿಯ ಕೊಂಬೆಗೆ ಸಿಕ್ಕಿಕೊಳ್ಳುತ್ತವೆ. ಚೀಲಗಳಲ್ಲಿ ತುಂಬಿದ ನೀರು ನೀರೊಳಗಿರುವಾಗ ಭಾರ ಅನಿಸುವುದಿಲ್ಲ, ದಡ ಹತ್ತುವಾಗ ಹಿಂದಕ್ಕೆ ಎಳೆಯುತ್ತದೆ. 2018ರ ಪ್ರಳಯದಲ್ಲಿ ಕೇರಳದ ಮೀನುಗಾರರು ದೋಣಿ ತಂದು ಸಾವಿರಾರು ಜನರನ್ನು ಎತ್ತಿದರಲ್ಲ, ಅವರ ಮೈಮೇಲೆ ಏನಿತ್ತು ನೆನಪು ಮಾಡಿಕೊಳ್ಳಿ. ಮಡಚಿ ಕಟ್ಟಿದ ಮುಂಡು, ಒಂದು ಬನಿಯನ್. ದೋಣಿ, ಹಗ್ಗ, ಹೊಳೆಯ ಸ್ವಭಾವ ಗೊತ್ತಿದ್ದ ಕಣ್ಣು, ಅಷ್ಟರಲ್ಲೇ ಕೆಲಸ ಆಯಿತು. ಲೈಫ್ ಜಾಕೆಟ್ ಬೇಡ ಎಂದು ಹೇಳುತ್ತಿಲ್ಲ. ಅದು ಅವರಿಗೂ ಇರಬೇಕಿತ್ತು, ನಿಮಗೂ ಬೇಕೇ ಬೇಕು.

ಬಣ್ಣದ ಬಗ್ಗೆಯೂ ಒಂದು ಮಾತು. ಚಿತ್ರದಲ್ಲಿ ನಿಮ್ಮ ಪ್ಯಾಂಟು ಸೇನೆಯ ಹೊಸ ಸಮವಸ್ತ್ರದ ನಕ್ಷೆಯಂತಿದೆ. ಅದು 2022ರಲ್ಲಿ ಬಂದದ್ದು, ಅದನ್ನು ಹೊರಗೆ ಮಾರುವುದಕ್ಕೆ ಸೇನೆಯ ಒಪ್ಪಿಗೆಯಿಲ್ಲ, ತೊಡಬೇಡಿ. ಇನ್ನೊಂದು ಕಾರಣ ಇದಕ್ಕಿಂತ ಮುಖ್ಯ: ಮರೆಯಾಗಲು ಮಾಡಿದ ಬಣ್ಣ ಅದು. ಕೆಸರಲ್ಲಿ ನೀವು ಜಾರಿದರೆ ನಿಮ್ಮ ತಂಡಕ್ಕೆ ನೀವು ಕಾಣಬೇಕು. ಕಿತ್ತಳೆ ಅಂಗಿ ಹಾಕಿ.

ನಮ್ಮ ತೋಟಕ್ಕೆ ಅಡಿಕೆ ತೆಗೆಯಲು ಒಬ್ಬರು ಬರುತ್ತಿದ್ದರು. ನಾನು ರಜೆಯಲ್ಲಿ ಬಂದಾಗ ಒಂದಿಡೀ ಬೆಳಿಗ್ಗೆ ಅವರನ್ನೇ ನೋಡುತ್ತ ಕೂತಿದ್ದೆ. ಬಂದವರೇ ಬೀಡಿ, ಬೆಂಕಿಪೊಟ್ಟಣ, ಎಲೆಅಡಿಕೆ ಚೀಲ ಎಲ್ಲ ತೆಗೆದು ಜಗಲಿಯ ಮೂಲೆಯಲ್ಲಿಟ್ಟರು. ಪಾದಕ್ಕೆ ತಳೆ (ಮರ ಹತ್ತಲು ಕಾಲಿಗೆ ಹಾಕುವ ಬಳೆ), ಸೊಂಟಕ್ಕೆ ಬಿಗಿದ ಬೈರಾಸು (ಹೆಗಲ ಮೇಲಿನ ಟವೆಲ್), ಹಿಂಬದಿಗೆ ಸಿಕ್ಕಿಸಿದ ಕತ್ತಿ, ಒಂದು ಹಗ್ಗದ ತುದಿ. ಕತ್ತಿ ಪಕ್ಕೆಯಲ್ಲಿದ್ದರೆ ತೆಗೆಯಲು ಸುಲಭವಲ್ಲವೇ ಎಂದು ಕೇಳಿದೆ. ಅವರು ಮಾತಾಡದೆ ಮರ ಹತ್ತಿದರು. ತುದಿಯಲ್ಲಿ ಮರವನ್ನು ತೂಗಿ ತೂಗಿ, ಪಕ್ಕದ ಮರವನ್ನು ಕೈಗೆ ಎಳೆದುಕೊಂಡು, ಆ ಮರಕ್ಕೆ ದಾಟುವಾಗ ಅವರ ಪಕ್ಕೆ ಕಾಂಡಕ್ಕೆ ಉಜ್ಜಿಕೊಂಡೇ ಹೋಯಿತು. ಕತ್ತಿ ಅಲ್ಲಿದ್ದರೆ ಏನಾಗುತ್ತಿತ್ತು ಎಂದು ಆಗ ಗೊತ್ತಾಯಿತು. ನೀರು ಬೇಕಾದಾಗಲೂ ಮೇಲಕ್ಕೆ ಒಯ್ಯಲಿಲ್ಲ, ಕೆಳಗೆ ಗೊನೆ ಹಿಡಿಯುವ ಹುಡುಗನ ಬಳಿ ಚೊಂಬು ಇತ್ತು. ಮಧ್ಯಾಹ್ನದವರೆಗೆ ನೆಲ ಮುಟ್ಟಿದ್ದು ಎರಡೇ ಸಲ. ಸೇನೆಯ ದೈಹಿಕ ಪರೀಕ್ಷೆಯಾದ ಬಿಪಿಇಟಿಯಲ್ಲಿ ಐದು ಕಿಲೋಮೀಟರ್ ಓಡಿ, ಹಗ್ಗ ಹತ್ತಿ ಪಾಸಾದ ನಾನು ಆ ದಿನ ಕಲಿತದ್ದು ಬಹಳ.

ಅವರಿಂದ ನಾನು ತೆಗೆದುಕೊಂಡ ಪದ್ಧತಿ ಇದು. ಸಾಮಾನು ಮೂರು ಜಾಗದಲ್ಲಿರಬೇಕು: ಮೈಮೇಲೆ, ಬ್ಯಾಗಿನಲ್ಲಿ, ಜೀಪಿನಲ್ಲಿ. ಬ್ಯಾಗ್ ಕಳೆದುಹೋದರೂ ಕೈಗೆ ಸಿಗಬೇಕಾದ್ದು ಮೈಮೇಲೆ. ಒಂದು ಗಂಟೆಯೊಳಗೆ ಬೇಕಾಗುವಂಥದ್ದು ಬ್ಯಾಗಿನಲ್ಲಿ. ಉಳಿದದ್ದೆಲ್ಲ ಜೀಪಿನಲ್ಲಿ ಅಥವಾ ತಂಡದ ಇನ್ನೊಬ್ಬರ ಹೆಗಲಲ್ಲಿ. ನಾಲ್ಕನೆಯ ಜಾಗ ಮನೆ. ನಿಮ್ಮ ಅರ್ಧ ಸಾಮಾನು ಅಲ್ಲಿಗೆ ಸೇರಿದ್ದು.

ಅಡಿಕೆ ಒಣಹಾಕುವ ಅಂಗಳದಲ್ಲಿ ಎಲ್ಲವನ್ನೂ ಹರಡಿ. ಪ್ರತಿಯೊಂದನ್ನು ಎತ್ತಿ ಕೇಳಿ: ಕಳೆದ ಮೂರು ಸಲ ಹೊರಟಾಗ ಇದನ್ನು ಮುಟ್ಟಿದ್ದೆನೇ? ಇದು ತಂಡದಲ್ಲಿ ಒಂದಿದ್ದರೆ ಸಾಕೇ, ಪ್ರತಿಯೊಬ್ಬರಲ್ಲೂ ಬೇಕೇ? ಇದನ್ನು ಬಳಸಲು ನನಗೆ ಬರುತ್ತದೆಯೇ? ಮೂರನೆಯ ಪ್ರಶ್ನೆಗೆ ನೀವು ಪ್ರಾಮಾಣಿಕವಾಗಿ ಉತ್ತರಿಸಿದರೆ ನಾಲ್ಕು ಉಕ್ಕಿನ ಕ್ಯಾರಬಿನರ್‌ಗಳಲ್ಲಿ ಎರಡಾದರೂ ಬದಿಗೆ ಹೋಗುತ್ತವೆ.

ನಿಮ್ಮ ಪಟ್ಟಿಗೆ ನಾನು ಕೈ ಹಾಕಿದರೆ ಹೀಗೆ. ಎರಡು ಕಿಲೋ ನಾನೂರರ ವೆಸ್ಟ್ ಹೋಗಿ ನಾನೂರು ಗ್ರಾಮಿನ ಸೊಂಟದ ಚೀಲ ಬರುತ್ತದೆ. 45 ಲೀಟರಿನ ಬ್ಯಾಗ್ ಖಾಲಿಯಾಗಿಯೇ ಎರಡು ಕಿಲೋ ಇನ್ನೂರು ಇದೆ, ಅದರ ಬದಲು 22 ಲೀಟರಿನದು, ಎಂಟುನೂರು ಗ್ರಾಂ ಒಳಗೆ. ದೊಡ್ಡ ಬ್ಯಾಗಿನ ನಿಜವಾದ ತೊಂದರೆ ಅದರ ತೂಕವಲ್ಲ, ಜಾಗ. ಜಾಗ ಇದ್ದಲ್ಲಿ ಸಾಮಾನು ಬಂದು ಕೂರುತ್ತದೆ. ಬ್ಯಾಗಿಗೆ ಸೊಂಟದ ಪಟ್ಟಿ ಇರಲಿ, ಭಾರ ಭುಜದಿಂದ ಸೊಂಟದ ಎಲುಬಿಗೆ ಇಳಿಯಬೇಕು. ಜಾರುವ ಗುಡ್ಡೆಯಲ್ಲಿ ಭಾರದ ಸಾಮಾನು ಬೆನ್ನಿಗೆ ಅಂಟಿಕೊಂಡು ಸ್ವಲ್ಪ ಕೆಳಗಿದ್ದರೆ ಮೈ ಓಲಾಡುವುದಿಲ್ಲ.

ನೀರಿಗೆ ನೀವು ಇಟ್ಟಿರುವುದು ನಾಲ್ಕು ಕಿಲೋ ಎಂಟುನೂರು, ಪಟ್ಟಿಯಲ್ಲೇ ದೊಡ್ಡ ಹೊರೆ. ಉಕ್ಕಿನ ಬಾಟಲಿಯೇ ಆರುನೂರು ಗ್ರಾಂ. ಮಳೆಗಾಲದ ಕೆಲಸಕ್ಕೆ ಹಗುರ ಬಾಟಲಿಯಲ್ಲಿ ಒಂದೂವರೆ ಲೀಟರ್ ಸಾಕು, ಉಳಿದ ನೀರು ಜೀಪಿನಲ್ಲಿ. ಎರಡು ಓಆರ್‌ಎಸ್ ಪೊಟ್ಟಣ ಇಟ್ಟುಕೊಳ್ಳಿ, ಒಂದು ಲೀಟರಿಗೆ ಸುಮಾರು ಇಪ್ಪತ್ತು ಗ್ರಾಮಿನ ಪುಡಿ. ಆದರೆ ಏಪ್ರಿಲ್ ತಿಂಗಳಲ್ಲಿ ಗುಡ್ಡೆಗೆ ಬೆಂಕಿ ಬಿದ್ದಿದೆ ಎಂದು ಹೊರಟರೆ ಈ ಲೆಕ್ಕ ಹಿಡಿಯಬೇಡಿ. ಆಗ ಬೇರೆಲ್ಲ ಬಿಟ್ಟು ಮೂರು ನಾಲ್ಕು ಲೀಟರ್ ನೀರನ್ನೇ ಹೊರಿ.

ಹಗ್ಗ ತಂಡದ್ದು. ನಿಮ್ಮ 30 ಮೀಟರಿನ ಹಗ್ಗ ಒಣಗಿದಾಗ ಎರಡು ಕಿಲೋ ಚಿಲ್ಲರೆ, ನೆನೆದರೆ ಇನ್ನೂ ಭಾರ. ಆರು ಜನರಲ್ಲಿ ಒಬ್ಬರು ಹಗ್ಗ ಹೊತ್ತರೆ ಅವರ ಬ್ಯಾಗಿನಿಂದ ಬೇರೇನಾದರೂ ಇಳಿಯಬೇಕು. ನಿಮ್ಮ ಬಳಿ ಎರಡು ಟೇಪ್ ಸ್ಲಿಂಗ್ (ಗಟ್ಟಿ ಪಟ್ಟಿಯ ಕುಣಿಕೆ), ಎರಡು ಅಲ್ಯೂಮಿನಿಯಂ ಕ್ಯಾರಬಿನರ್ ಇರಲಿ, ನಾನೂರು ಗ್ರಾಂ. ಹೊಳೆಗೆ ಎಸೆಯಲು ತೇಲುವ ಹಗ್ಗ ಬೇರೆಯೇ ಇರಬೇಕು, ಗುಡ್ಡೆಯ ಹಗ್ಗ ನೀರಲ್ಲಿ ಮುಳುಗುತ್ತದೆ. ಟಾರ್ಚುಗಳಲ್ಲಿ ತಲೆಗೆ ಕಟ್ಟುವುದೊಂದು, ಜೇಬಿಗೆ ಚಿಕ್ಕದೊಂದು. ಪವರ್ ಬ್ಯಾಂಕ್ ಚಿಕ್ಕದೊಂದು. ದೊಡ್ಡ ಕತ್ತಿ ಮನೆಯಲ್ಲಿರಲಿ, ಊರಲ್ಲಿ ಯಾರ ಮನೆಗೆ ಹೋದರೂ ಕತ್ತಿ ಸಿಗುತ್ತದೆ. ಸನಿಕೆಯೂ ಹಾಗೆಯೇ, ಹಾರೆ ಪಿಕ್ಕಾಸು ಇಲ್ಲದ ಮನೆ ನಮ್ಮ ಕಡೆ ಎಲ್ಲಿದೆ? ಬದಲಿ ಬಟ್ಟೆ ಜೀಪಿಗೆ. ರೈನ್‌ಕೋಟಿನ ಜೊತೆ ಒಂದು ಬೈರಾಸು. ಗಾಯಕ್ಕೆ ಒತ್ತಿಹಿಡಿಯಲು, ಮುರಿದ ಕೈಗೆ ಜೋಳಿಗೆ ಕಟ್ಟಲು, ತಲೆಹೊರೆಗೆ ಸಿಂಬಿ ಮಾಡಲು ಅದರಷ್ಟು ಉಪಕಾರಿ ಬಟ್ಟೆ ನಾನು ಬೇರೆ ಕಂಡಿಲ್ಲ. ಎಲ್ಲ ಕೂಡಿಸಿದರೆ ಐದೂವರೆ ಕಿಲೋ ಆಸುಪಾಸು. ಹಗ್ಗದ ಸರದಿ ನಿಮ್ಮದಾದರೆ ಏಳೂವರೆ.

ಮುಟ್ಟದ್ದನ್ನೆಲ್ಲ ಬಿಡಿ ಎಂದು ನಾನು ಹೇಳಿಲ್ಲ ಎನ್ನುವುದನ್ನು ಗಮನಿಸಿ. ಟೂರ್ನಿಕೆಟ್, ಅಂದರೆ ರಕ್ತ ನಿಲ್ಲಿಸಲು ಬಿಗಿಯುವ ಪಟ್ಟಿ, ಮೂರು ವರ್ಷ ಮುಟ್ಟದೆಯೇ ಹೋಗಬಹುದು, ಆದರೂ ಅದು ಬ್ಯಾಗಿನೊಳಗಲ್ಲ, ಸೊಂಟದಲ್ಲಿ, ಎಡಗೈಗೂ ಬಲಗೈಗೂ ಎಟಕುವಲ್ಲಿ ಇರಬೇಕು. ನೂರು ಗ್ರಾಂ ಇಲ್ಲ. ಕೈಯೋ ಕಾಲೋ ತುಂಡಾಗಿ ರಕ್ತ ಚಿಮ್ಮುವಾಗ ಹುಡುಕುತ್ತ ಕೂರಲು ಹೊತ್ತಿರುವುದಿಲ್ಲ. ಗಾಯದಿಂದ ಎರಡು ಮೂರು ಇಂಚು ಮೇಲೆ, ಮೊಣಕೈ ಮೊಣಕಾಲಿನಂಥ ಕೀಲಿನ ಜಾಗ ಬಿಟ್ಟು ಬಿಗಿಯಬೇಕು, ಬಿಗಿದ ಹೊತ್ತು ಬರೆದಿಡಬೇಕು. ಹಾವು ಕಚ್ಚಿದವರಿಗೆ ಮಾತ್ರ ಅದನ್ನು ಕಟ್ಟಲೇಬಾರದು. ಕಚ್ಚಿದ ಕೈಕಾಲು ಅಲುಗದಂತೆ ನೋಡಿಕೊಂಡು ಆಸ್ಪತ್ರೆಗೆ ಓಡಿಸಿ. ನಮ್ಮ ತೋಟಗಳಲ್ಲಿ ಈ ಎರಡನೆಯದೇ ಹೆಚ್ಚು ನಡೆಯುವುದು, ಹಾಗಾಗಿ ಒತ್ತಿ ಹೇಳುತ್ತಿದ್ದೇನೆ. ಇನ್ನೊಂದು, ತೂಕವೇ ಇಲ್ಲದ್ದು: ನೆರೆ ನೀರಿನ ಕೆಲಸಕ್ಕೆ ಮೊದಲು ಇಲಿಜ್ವರದ ಮಾತ್ರೆಯ ಬಗ್ಗೆ ಆರೋಗ್ಯ ಕೇಂದ್ರದಲ್ಲಿ ಕೇಳಿ.

ಕೊನೆಗೆ ನಿಮ್ಮ ಭಯ, ಬಿಟ್ಟದ್ದೇ ಬೇಕಾದರೆ ಎನ್ನುವುದು. ಆಗುತ್ತದೆ. ನನಗೇ ಆಗಿದೆ. ಕೆಲವು ವರ್ಷಗಳ ಹಿಂದೆ ಒಂದು ರಾತ್ರಿ, ಮನೆಯ ಹಿಂದಿನ ಮಣ್ಣು ಜರಿದು ಕೊಟ್ಟಿಗೆ ಮಗುಚಿತ್ತು. ಒಬ್ಬ ಅಜ್ಜನ ಕಾಲು ಮಾಡಿನ ತೊಲೆಯಡಿ ಸಿಕ್ಕಿಕೊಂಡಿತ್ತು. ತೊಲೆ ಕೊಯ್ಯದೆ ಎಳೆಯುವಂತಿರಲಿಲ್ಲ. ಗರಗಸ ಬೇಡ ಎಂದು ಜೀಪಿನಲ್ಲಿ ಬಿಟ್ಟು ಬರಲು ಹೇಳಿದ್ದವನು ನಾನೇ. ಸಂಕ ಕೊಚ್ಚಿಹೋಗಿದ್ದರಿಂದ ಜೀಪು ಗುಡ್ಡೆಯ ಆಚೆ ನಿಂತಿತ್ತು. ತಂಡದ ಚಿಕ್ಕ ಹುಡುಗ ಬ್ಯಾಗ್ ಇಳಿಸಿ, ತಲೆಯ ಲೈಟ್ ಒಂದನ್ನೇ ಇಟ್ಟುಕೊಂಡು ಓಡಿದ. ಅವನು ಹೋಗಿ ಬರುವಷ್ಟು ಹೊತ್ತು ನಾನು ಅಜ್ಜನ ಕೈ ಹಿಡಿದು ಕೂತಿದ್ದೆ. ಉಳಿದವರು ಅಡಿಕೆಮರದ ತುಂಡನ್ನು ಸನ್ನೆ ಮಾಡಿ ತೊಲೆಯ ಭಾರವನ್ನು ಬೆರಳಿನಷ್ಟು ಎತ್ತಿ ಹಿಡಿದಿದ್ದರು. ಇಪ್ಪತ್ತೊಂದು ನಿಮಿಷ. ಗಡಿಯಾರ ನೋಡಿಕೊಂಡೇ ಇದ್ದೆ. ಗರಗಸ ಬಂತು, ಕೊಯ್ದೆವು, ಅಜ್ಜ ಹೊರಬಂದರು.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಮತ್ತೆ ಎಲ್ಲವನ್ನೂ ಹರಡಿದೆವು. ಮಡಚುವ ಚಿಕ್ಕ ಗರಗಸವೊಂದು, ಮುನ್ನೂರು ಗ್ರಾಮಿನದ್ದು, ಅಂದಿನಿಂದ ತಂಡದ ಬ್ಯಾಗಿನಲ್ಲಿದೆ. ಅದಕ್ಕೆ ಜಾಗ ಮಾಡಲು ಇಳಿದದ್ದು ಒಂದು ಕಿಲೋ ನೂರು ಗ್ರಾಮಿನ ಮಡಚುವ ಸನಿಕೆ, ನಿಮ್ಮಲ್ಲಿರುವಂಥದ್ದೇ.